ಪೊದೆ ಕಡಿದ ಮೇಲೂ ಮಣ್ಣಿನಲ್ಲಿ ಉಳಿಯುವುದು

ಹೊರಗಿನಿಂದ ಬಂದು ಎಲ್ಲೆಡೆ ಹಬ್ಬುವ ಆಕ್ರಮಣಕಾರಿ ಪೊದೆಗಳನ್ನು ಕಡಿದು ತೆಗೆದರೆ ಸ್ಥಳೀಯ ಸಸ್ಯಗಳು ತಾವಾಗಿಯೇ ಮರಳುತ್ತವೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಅವು ಒಂದೋ ಸುತ್ತಲಿನ ಗಿಡಗಳಿಂದ ಗಾಳಿ, ಹಕ್ಕಿ, ಇರುವೆಗಳ ಮೂಲಕ ಬರಬೇಕು, ಇಲ್ಲವೇ ಅದೇ ಮಣ್ಣಿನಲ್ಲಿ ಮೊದಲೇ ಹುದುಗಿರುವ ಬೀಜಗಳಿಂದ ಮೊಳೆಯಬೇಕು. ಹೀಗೆ ಹುದುಗಿರುವ ಬೀಜಭಂಡಾರದ ಬಹುಪಾಲು ಮಣ್ಣಿನ ಮೇಲ್ಪದರದಲ್ಲೇ, ಸುಮಾರು ಹತ್ತು ಸೆಂಟಿಮೀಟರಿನೊಳಗೆ ಇರುತ್ತದೆ.

ಆ ಭಂಡಾರದಲ್ಲಿ ಎಲ್ಲ ಜಾತಿಗಳಿಗೂ ಒಂದೇ ಆಯಸ್ಸಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಜೇಮ್ಸ್ ಬೀಲ್ 1879ರಲ್ಲಿ ಬಾಟಲಿಗಳಲ್ಲಿ ತುಂಬಿ ಹೂತಿಟ್ಟ ಬೀಜಗಳ ಪೈಕಿ ವರ್ಬಾಸ್ಕಮ್ ಎಂಬ ಕಳೆಯ ಬೀಜಗಳು 2021ರಲ್ಲೂ ಮೊಳೆತವು. ಆದರೆ ಇಂಥ ದೀರ್ಘಾಯುಷ್ಯ ಹೆಚ್ಚಾಗಿ ತೆರೆದ ನೆಲದಲ್ಲಿ ಬೆಳೆಯುವ, ಸಣ್ಣ ಬೀಜದ ಗಿಡಗಳದ್ದು. ಮಳೆಕಾಡಿನ ಅನೇಕ ಮರಗಳ ದಪ್ಪ, ತೇವಭರಿತ ಬೀಜಗಳು ಕೆಲವೇ ವಾರಗಳಲ್ಲಿ ಮೊಳೆಯುತ್ತವೆ ಅಥವಾ ಸಾಯುತ್ತವೆ. ಆದ್ದರಿಂದ ಪೊದೆಯ ಕೆಳಗಿನ ಮಣ್ಣಿನಲ್ಲಿ ಮರಗಳ ಬೀಜ ಸಿಗಲಿಲ್ಲವೆಂದ ಮಾತ್ರಕ್ಕೆ ತಪ್ಪನ್ನೆಲ್ಲ ಪೊದೆಯ ಮೇಲೆ ಹೊರಿಸುವುದು ಸರಿಯಲ್ಲ.

ಪೊದೆಯ ನಿಜವಾದ ಹಾನಿ ನಿಧಾನವಾದದ್ದು. ದಟ್ಟ ನೆರಳಿನಲ್ಲಿ ಸ್ಥಳೀಯ ಮೂಲಿಕೆಗಳೂ ಹುಲ್ಲುಗಳೂ ಹೂ ಬಿಡದೆ ಸೊರಗುತ್ತವೆ. ಅವುಗಳಿಂದ ಮಣ್ಣಿಗೆ ಹೊಸ ಬೀಜ ಬೀಳುವುದು ನಿಲ್ಲುತ್ತದೆ. ಆದರೆ ಹಳೆಯ ಬೀಜಗಳು ಕೊಳೆಯುವುದು, ಕೀಟಗಳಿಗೂ ಶಿಲೀಂಧ್ರಗಳಿಗೂ ಆಹಾರವಾಗುವುದು ಮಾತ್ರ ಎಂದಿನಂತೆ ಮುಂದುವರಿಯುತ್ತದೆ. ಬರುವ ಆದಾಯ ನಿಂತು ಖರ್ಚು ಮಾತ್ರ ಉಳಿದ ಮನೆಯಂತೆ ಭಂಡಾರ ವರ್ಷದಿಂದ ವರ್ಷಕ್ಕೆ ಬರಿದಾಗುತ್ತದೆ. ಅಳಿದುಳಿದ ಬೀಜಗಳಿಗೂ ಮೊಳೆಯುವ ಸೂಚನೆ ದೊರೆಯುವುದಿಲ್ಲ, ಏಕೆಂದರೆ ಎಲೆಗಳ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಕೆಂಪು ಕಿರಣಗಳ ಪಾಲು ಕಡಿಮೆಯಾಗಿರುತ್ತದೆ, ಮತ್ತು ಅನೇಕ ಸಣ್ಣ ಬೀಜಗಳು ಅಂಥ ಬೆಳಕಿನಲ್ಲಿ ಸುಪ್ತವಾಗಿಯೇ ಉಳಿಯುತ್ತವೆ. ದಪ್ಪನೆಯ ತರಗೆಲೆಯ ಹಾಸು ಮೊಳಕೆಗೆ ಇನ್ನೊಂದು ಅಡ್ಡಿ. ಇಂಥ ಪೊದೆಗಳಲ್ಲೊಂದಾದ ಲಂಟಾನದ ಎಲೆಗಳಲ್ಲಿನ ರಾಸಾಯನಿಕಗಳು ಇತರ ಬೀಜಗಳ ಮೊಳಕೆಯನ್ನು ತಡೆಯುವುದು ಪ್ರಯೋಗಾಲಯದಲ್ಲಿ ಹಲವು ಬಾರಿ ಕಂಡುಬಂದಿದೆ. ಆದರೆ ಪೊದೆ ಬೆಳೆದಿರುವ ನೆಲದಲ್ಲೇ ಆ ಪರಿಣಾಮವನ್ನು ನೆರಳಿನ ಪರಿಣಾಮದಿಂದ ಬೇರ್ಪಡಿಸುವುದು ಸುಲಭವಲ್ಲ.

ಇದೇ ಅವಧಿಯಲ್ಲಿ ಪೊದೆ ತನ್ನದೇ ಬೀಜಗಳನ್ನು ಮಣ್ಣಿಗೆ ತುಂಬುತ್ತಿರುತ್ತದೆ. ನ್ಯೂಜಿಲೆಂಡ್‌ನಲ್ಲಿ ಹಬ್ಬಿರುವ ಗಾರ್ಸ್, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹರಡಿರುವ ಸ್ಕಾಚ್ ಬ್ರೂಮ್ ಎರಡೂ ದ್ವಿದಳ ಪೊದೆಗಳು. ಅವುಗಳ ಗಟ್ಟಿ ಸಿಪ್ಪೆಯ ಬೀಜಗಳು ದಶಕಗಳ ಕಾಲ ಜೀವಂತವಾಗಿರಬಲ್ಲವು, ಮತ್ತು ಬೆಂಕಿಯ ಶಾಖಕ್ಕೆ ಸಿಪ್ಪೆ ಸಡಿಲಗೊಂಡು ಒಟ್ಟಾಗಿ ಮೊಳೆಯುತ್ತವೆ. ಇವುಗಳ ಬೇರುಗಂಟುಗಳಿಂದ ಮಣ್ಣಿನ ಸಾರಜನಕವೂ ಹೆಚ್ಚುವುದರಿಂದ, ಬಡ ಮಣ್ಣಿಗೆ ಒಗ್ಗಿದ ಸ್ಥಳೀಯ ಸಸ್ಯಗಳು ಪೊದೆ ಹೋದ ಮೇಲೂ ವೇಗವಾಗಿ ಬೆಳೆಯುವ ಕಳೆಗಳೆದುರು ಸೋಲುತ್ತವೆ.

ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಲಾಂಗಿಫೋಲಿಯಾ ಎಂಬ ಇಂಥದೇ ಆಕ್ರಮಣಕಾರಿ ಪೊದೆಯನ್ನು ಹತೋಟಿಗೆ ತರಲು, ಅದರ ಮೊಗ್ಗುಗಳನ್ನು ಗಂಟಾಗಿಸುವ ಪುಟ್ಟ ಕಣಜವೊಂದನ್ನು ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದ ಆರಂಭದಲ್ಲೂ ಪೋರ್ಚುಗಲ್‌ನಲ್ಲಿ 2015ರಲ್ಲೂ ಬಿಡಲಾಯಿತು. ಬುದ್ಧಿವಂತಿಕೆಯ ಕ್ರಮವೇ ಸರಿ, ಆದರೆ ಅದು ತಡೆಯುವುದು ಹೊಸ ಬೀಜವನ್ನು ಮಾತ್ರ. ಈಗಾಗಲೇ ಮಣ್ಣು ಸೇರಿದ ಬೀಜಕ್ಕೆ ಅದು ಏನೂ ಮಾಡದು.

ಹೀಗಿರುವಾಗ ಕಡಿಯುವ ಮೊದಲೇ ಮಣ್ಣಿನ ಮಾದರಿ ತೆಗೆದು, ತಟ್ಟೆಗಳಲ್ಲಿ ತೆಳುವಾಗಿ ಹರಡಿ, ನೀರುಣಿಸಿ, ಏನೇನು ಮೊಳೆಯುತ್ತದೆಂದು ನೋಡುವುದು ಅಗ್ಗದ, ಉಪಯುಕ್ತ ಕೆಲಸವೆಂದು ನನ್ನ ಅಭಿಪ್ರಾಯ. ಸುಪ್ತ ಬೀಜಗಳು ಈ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ, ಹಾಗಾಗಿ ಮಣ್ಣನ್ನು ಜರಡಿ ಹಿಡಿದು ಬೀಜ ಹೆಕ್ಕುವುದನ್ನೂ ಜೊತೆಗೆ ಮಾಡಬೇಕಾಗುತ್ತದೆ. ತಟ್ಟೆಯಲ್ಲಿ ಸ್ಥಳೀಯ ಸಸಿಗಳು ಸಾಕಷ್ಟು ಕಂಡರೆ ಕಡಿದು ಕಾಯಬಹುದು. ಪೊದೆಯ ಸಸಿಗಳೇ ತುಂಬಿದ್ದರೆ ಹೊರಗಿನಿಂದ ಬೀಜ ತಂದು ಬಿತ್ತುವುದಕ್ಕೂ, ಪೊದೆಯ ಸಸಿಗಳನ್ನು ಹೂ ಬಿಡುವ ಮೊದಲೇ ವರ್ಷವರ್ಷವೂ ಕೀಳುವುದಕ್ಕೂ ಹಣ ತೆಗೆದಿಟ್ಟ ಮೇಲೆಯೇ ಕತ್ತಿ ಎತ್ತಬೇಕು.