ಫೆಡರೇಷನ್ ಕಪ್ ಹಲಗೆ: ಮಳೆಗಾಲದಲ್ಲಿ ಕೆಲಸ ಎಲ್ಲಿಗೆ ಬಂತು

ಜೂನ್ 9

ಭಾರತದ ಫುಟ್‌ಬಾಲ್ ಕ್ಲಬ್ಬುಗಳ ಫೆಡರೇಷನ್ ಕಪ್ಪಿನ ಎಲ್ಲ ಆವೃತ್ತಿಗಳನ್ನು ಒಂದು ಹಲಗೆಯ ಮೇಲೆ ಕೂರಿಸಲು ಬರೆದಿದ್ದ ರಟ್ಟಿನ ಚೀಟಿಗಳನ್ನು ಕೈಬಿಟ್ಟೆ. ಮಳೆ ಹಿಡಿದು ಆರು ದಿನ, ಅಷ್ಟರಲ್ಲೇ ಅಂಚುಗಳು ಹಪ್ಪಳದ ಹಾಗೆ ಮುದುರಿವೆ. 1983ರ ಚೀಟಿಯ ಮೇಲೆ ಬೂಷ್ಟು ಬಂದು, ಆ ಸಲ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಹೆಸರೇ ಅಳಿಸಿಹೋಗಿದೆ. ವಿರಾಜಪೇಟೆಯ ಮಳೆಗಾಲಕ್ಕೆ ಕಾಗದ ಆಗಿಬರುವುದಿಲ್ಲ, ಮರವೇ ಸರಿ. ತೋಟದ ಸಿಲ್ವರ್ ಓಕ್ ಕೊಯ್ಸಿದಾಗ ಉಳಿದ ತುಂಡುಗಳು ಗೋದಾಮಿನಲ್ಲಿದ್ದವು. ಅವುಗಳಿಂದ ಅಂಗೈ ಅಗಲದ 38 ಬಿಲ್ಲೆ ಮಾಡಬೇಕು, ಒಂದೊಂದು ಆವೃತ್ತಿಗೆ ಒಂದೊಂದು.

ಜೂನ್ 15

ಹನ್ನೆರಡು ಬಿಲ್ಲೆಗೆ ಮರಳು ಕಾಗದ ಹಾಕಿ ಮುಗಿಸಿದೆ. ಮೊದಲು ಬರೆದದ್ದು 1977.

ಡುರಾಂಡ್, ರೋವರ್ಸ್, ಐಎಫ್‌ಎ ಶೀಲ್ಡ್ ಎಂಬ ಫುಟ್‌ಬಾಲ್ ಟೂರ್ನಿಗಳು ಬ್ರಿಟಿಷರ ಕಾಲದಿಂದಲೇ ಇದ್ದವು. ಸಂತೋಷ್ ಟ್ರೋಫಿ 1941ರಿಂದ ನಡೆಯುತ್ತಿತ್ತು, ಆದರೆ ಅದು ರಾಜ್ಯ ತಂಡಗಳದ್ದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಾನೇ ಕ್ಲಬ್ಬುಗಳಿಗೆಂದು ಕಪ್ ಶುರು ಮಾಡಿದ್ದು 1977ರಲ್ಲಿ, ಕೊಚ್ಚಿಯಲ್ಲಿ. 1996ರಲ್ಲಿ ರಾಷ್ಟ್ರೀಯ ಲೀಗ್ ಬರುವವರೆಗೆ ದೇಶದ ಕ್ಲಬ್ಬುಗಳ ತಾಕತ್ತು ಅಳೆಯಲು ಇದ್ದ ದೊಡ್ಡ ಕಪ್ ಇದೇ. ಆ ಮೊದಲ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು 1-0ರಿಂದ ಸೋಲಿಸಿದ್ದು ನಮ್ಮ ಬೆಂಗಳೂರಿನ ಐಟಿಐ!

ಪಕ್ಕದ ಮನೆಯ ಹುಡುಗ ಬಿಲ್ಲೆ ನೋಡಿ, “ಅಣ್ಣಾ, ಇದು ಫಿಟ್ಟರ್ ಕಲಿಸೋ ಐಟಿಐಯಾ?” ಅಂದ. ಅವನ ತಪ್ಪೇನಿಲ್ಲ, ನಮ್ಮ ಕಡೆ ಐಟಿಐ ಅಂದರೆ ಅದೇ. ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ತಂಡ ಕಣೋ, ಡಯಲ್ ತಿರುಗಿಸುವ ಹಳೇ ಫೋನು ಮಾಡುತ್ತಿದ್ದವರು ಎಂದೆ. ಅವನು ಹೋದ ಮೇಲೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂದು ಪೂರ್ತಿ ಹೆಸರು ಬರೆಯಲು ಇನ್ನೊಂದು ದೊಡ್ಡ ಬಿಲ್ಲೆ ಕೊಯ್ದೆ. ಉಳಿದವಕ್ಕಿಂತ ಅದೊಂದೇ ಎರಡು ಬೆರಳು ಉದ್ದ. ಇರಲಿ.

ಜೂನ್ 23

ಟೈಸ್, ಅಂದರೆ ಯಾರಿಗೆ ಯಾರು ಎದುರು ಎಂಬ ಪಟ್ಟಿ, ಹಾಕುವುದರಲ್ಲೇ ಎರಡು ಸಂಜೆ ಕಳೆದವು. ಕೊಡವ ಹಾಕಿ ಉತ್ಸವದ ಟೈಸ್ ನೋಡಿ ಬೆಳೆದ ಕಣ್ಣು ನಮ್ಮದು: ಸೋತ ಮನೆತನ ಆ ವರ್ಷ ಹೊರಗೆ, ಗೆದ್ದದ್ದು ಮುಂದಿನ ಸುತ್ತಿಗೆ. ಫೆಡರೇಷನ್ ಕಪ್ ಅಷ್ಟು ನೇರವಾಗಿಲ್ಲ. ಎಷ್ಟೋ ವರ್ಷ ಮೊದಲು ಗುಂಪುಗಳಲ್ಲಿ ಆಡಿಸಿ ಆಮೇಲೆ ನಾಕೌಟ್ ಮಾಡಿದ್ದಾರೆ. ಹಾಗಾಗಿ ಫೈನಲ್ ಮಾತ್ರ ಬಿಲ್ಲೆಗೆ, ನನಗೆ ತೀರಾ ಮುಖ್ಯವೆನಿಸಿದ ಸೆಮಿಫೈನಲ್‌ಗೆ ದಾರ ಕಟ್ಟುವುದು ಎಂದಿಟ್ಟುಕೊಂಡಿದ್ದೇನೆ.

ಜುಲೈ 1

ಬಣ್ಣ ಒಣಗುತ್ತಿಲ್ಲ. ಡಬ್ಬದ ಮೇಲೆ ಎಂಟು ಗಂಟೆ ಎಂದಿದೆ, ಇಲ್ಲಿ ಐದನೇ ದಿನವೂ ಎನಾಮೆಲ್ ಕೈಗೆ ಅಂಟುತ್ತದೆ. 1978 ಮತ್ತು 1980ರಲ್ಲಿ ಕಪ್ಪನ್ನು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಹಂಚಿಕೊಂಡವು. ಆ ಎರಡು ಬಿಲ್ಲೆಗೆ ಅರ್ಧ ಹಸಿರು-ಮೆರೂನ್, ಅರ್ಧ ಕೆಂಪು-ಹಳದಿ ಹಚ್ಚಬೇಕಿತ್ತು. ಹಸಿ ಬಣ್ಣದ ಮೇಲೆ ಟೇಪ್ ಅಂಟಿಸಿ ಕಿತ್ತೆ, ಮೆರೂನ್ ಸಿಪ್ಪೆಯ ಹಾಗೆ ಎದ್ದು ಬಂತು. ಕೆರೆದು, ಮತ್ತೆ ಹಚ್ಚಿ, ಈಗ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಹೊಗೆಗೆ ಹಳದಿ ಸ್ವಲ್ಪ ಮಾಸಿದೆ, ಒಣಗಿದೆಯಂತೂ ನಿಜ.

ಜುಲೈ 6

ಇಂದು ಮಾವ ಬಂದಿದ್ದರು. 1990 ಮತ್ತು 1991ರಲ್ಲಿ ಕೇರಳ ಪೊಲೀಸ್ ಗೆದ್ದದ್ದು, ಒಂದು ತ್ರಿಶೂರಿನಲ್ಲಿ, ಇನ್ನೊಂದು ಕಣ್ಣೂರಿನಲ್ಲಿ. ಕಣ್ಣೂರಿನ ಬಿಲ್ಲೆ ಕೈಗೆತ್ತಿಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. ಮಾಕುಟ್ಟ ಘಾಟಿ ಇಳಿದು ಇರಿಟ್ಟಿಯಲ್ಲಿ ಬಸ್ ಬದಲಿಸಿ ಪಂದ್ಯಕ್ಕೆ ಹೋಗಿದ್ದರಂತೆ. “ಸತ್ಯನ್ ಚೆಂಡು ತಡೆದರೆ ತಡೆದ ಹಾಗೆ ಮಗಾ, ದಾಟಿ ಹೋಗುವ ಮಾತೇ ಇಲ್ಲ” ಎಂದರು. ವಿ.ಪಿ. ಸತ್ಯನ್, ಐ.ಎಂ. ವಿಜಯನ್ ಇಬ್ಬರೂ ಇದ್ದ ತಂಡ ಅದು.

ಪೊಲೀಸ್ ತಂಡ, 1979ರಲ್ಲಿ ಗೆದ್ದ ಗಡಿ ಭದ್ರತಾ ಪಡೆ, ಫಗ್ವಾಡಾದ ಗಿರಣಿಯ ಜೆಸಿಟಿ, ಮಹೀಂದ್ರಾ. ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದ ಕಾಲ. ಮಹೀಂದ್ರಾ 2010ರಲ್ಲಿ, ಜೆಸಿಟಿ 2011ರಲ್ಲಿ ತಂಡ ಮುಚ್ಚಿದವು. ಮೋಹನ್ ಬಾಗಾನ್ 14 ಸಲ ಗೆದ್ದದ್ದನ್ನು ನೆನಪಿಡಲು ಸಾವಿರಾರು ಜನ ಇದ್ದಾರೆ. ಈ ನೌಕರರ ತಂಡಗಳಿಗಾಗಿಯೇ ನಾನು ಹಲಗೆ ಮಾಡುತ್ತಿರುವುದು ಎಂದು ಮಾವನ ಮುಖ ನೋಡಿದಾಗ ನನಗೇ ಖಾತ್ರಿಯಾಯಿತು.

ಜುಲೈ 13

ಮೊದಲ ದಾರ ಇಂದೇ ಕಟ್ಟಬೇಕೆಂದು ಕಾದಿದ್ದೆ. 1997ರ ಇದೇ ದಿನ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸೆಮಿಫೈನಲ್. ನೋಡಲು ಸೇರಿದ್ದವರು 1,31,781 ಮಂದಿ. ಅಮಲ್ ದತ್ತಾ ತರಬೇತಿಯ ಮೋಹನ್ ಬಾಗಾನ್, ಪಿ.ಕೆ. ಬ್ಯಾನರ್ಜಿ ತರಬೇತಿಯ ಈಸ್ಟ್ ಬೆಂಗಾಲ್. ಭೈಚುಂಗ್ ಭುಟಿಯಾ ಹ್ಯಾಟ್ರಿಕ್, ಈಸ್ಟ್ ಬೆಂಗಾಲ್ 4-1. ಅಷ್ಟಾಗಿಯೂ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಗೋವಾದ ಸಾಲ್ಗಾಂವ್ಕರ್‌ಗೆ ಸೋತಿತು. ಅದೇ 1997ರಲ್ಲೇ ಇಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಹಾಕಿ ಉತ್ಸವ ಆರಂಭಿಸಿದ್ದು. ಆ ಬಿಲ್ಲೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಕರಡ ಎಂದು ಬರೆದೆ.

ಜುಲೈ 20

38ನೆಯದೂ ಕೂತಿತು. 2017ರ ಮೇ, ಕಟಕ್. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು, ಬೆಂಗಳೂರು ಎಫ್‌ಸಿ 2-0. ಅಲ್ಲಿಗೆ ಫೆಡರೇಷನ್ ಕಪ್ ನಿಂತಿತು, ಮುಂದಿನ ವರ್ಷದಿಂದ ಸೂಪರ್ ಕಪ್.

ಮೊಳೆ ಹೊಡೆದು ಹಿಂದೆ ಸರಿದು ನಿಂತಾಗಲೇ ಗಮನಕ್ಕೆ ಬಂದದ್ದು: ಎಡತುದಿಯಲ್ಲಿ ಬೆಂಗಳೂರು, ಬಲತುದಿಯಲ್ಲಿ ಬೆಂಗಳೂರು, ಎರಡು ಸಲವೂ ಎದುರಿಗಿದ್ದದ್ದು ಮೋಹನ್ ಬಾಗಾನ್. ನಲವತ್ತು ವರ್ಷದ ಆಚೆ ಈಚೆ. ನೀಲಿ ದಾರ ಸಾಲದೆ ಹೋಯಿತು. ನಾಳೆ ಪೇಟೆಗೆ ಹೋದಾಗ ಇನ್ನೊಂದು ಉಂಡೆ ತರಬೇಕು, ಆ ಉದ್ದದ ಬಿಲ್ಲೆಯಿಂದ ಇಲ್ಲಿಯವರೆಗೆ ಎಳೆಯಲು.