ಮುಂಬೈ ಮನೆಗೆ ಮರದ ನೆಲ ಹಾಕಿಸುವ ಮೊದಲು ಬಕೆಟ್ ನೋಡಿ

ನಾನು ಮುಂಬೈನಲ್ಲಿ ಫ್ಲೋರಿಂಗ್ ಕೆಲಸ ಮಾಡಿಸುವವನು. ಥಾಣೆ, ಮುಲುಂಡ್, ಡೊಂಬಿವಲಿ ಕಡೆ ಜಾಸ್ತಿ. ಕನ್ನಡದವರ ಮನೆಗೆ ಹೋದರೆ ಮೊದಲು ಕೇಳುವುದು "ಯಾವ ಮರ ಒಳ್ಳೇದು? ಸಾಗುವಾನಿನೇ ಹಾಕಿಸೋಣ್ವಾ?" ಅಂತ. ನಾನು ಮರದ ಮಾತು ಎತ್ತುವುದೇ ಇಲ್ಲ. ನೆಲ ಹೇಗೆ ಒರೆಸುತ್ತೀರಿ, ಕಿಟಕಿ ಯಾವ ದಿಕ್ಕಿಗಿದೆ ಅಂತ ಕೇಳುತ್ತೇನೆ.

ಮುಲುಂಡ್‌ನಲ್ಲಿ ಒಬ್ಬ ಅಕ್ಕನ ಮನೆ. ಅಂಗಡಿಯವನ ಮಾತು ಕೇಳಿ ಲ್ಯಾಮಿನೇಟ್ ಆರಿಸಿಟ್ಟಿದ್ದರು. "ಅಕ್ಕಾ, ಕೆಲಸದವರು ನೆಲ ಹೇಗೆ ಒರೆಸ್ತಾರೆ?" ಅಂದೆ. "ಬಕೆಟ್ ತುಂಬಾ ನೀರು, ಫಿನೈಲ್. ಬಟ್ಟೆ ಹಿಂಡೋದೇ ಇಲ್ಲ ಮಾರಾಯ್ರೆ!" ಅಲ್ಲಿಗೆ ಲ್ಯಾಮಿನೇಟ್ ವಿಚಾರ ಮುಗಿಯಿತು.

ಯಾಕೆ ಅಂದರೆ, ಲ್ಯಾಮಿನೇಟ್‌ನಲ್ಲಿ ಮೇಲೆ ಕಾಣುವುದು ಮರದ ಚಿತ್ರ ಅಚ್ಚು ಹಾಕಿದ ಕಾಗದ, ಅದರ ಮೇಲೊಂದು ಗಟ್ಟಿ ಪದರ. ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಜಾಯಿಂಟ್‌ನಲ್ಲಿ ನೀರು ಇಳಿದರೆ ಅದು ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಡಬ್ಬದ ಮೇಲೆ ಎಸಿ-4 ಅಂತ ಇದೆಯಲ್ಲ ಅನ್ನುತ್ತಾರೆ. ಅದು ಸವೆತದ ಲೆಕ್ಕ, ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಅಕ್ಕನ ಹಾಲ್‌ಗೆ ಎಸ್‌ಪಿಸಿ ಹಾಕಿಸಿದೆವು. ಸುಣ್ಣಕಲ್ಲಿನ ಪುಡಿ, ಪಿವಿಸಿ ಸೇರಿಸಿ ಮಾಡಿದ್ದು, ಹಲಗೆಗೆ ನೀರಿನ ಭಯವಿಲ್ಲ. ಹಳೇ ಟೈಲ್ಸ್ ಸಮತಟ್ಟಾಗಿದ್ದರೆ ಒಡೆಯದೆ ಮೇಲೇ ಹಾಕಬಹುದು. ಆದರೆ ಬಾತ್‌ರೂಮಿನಿಂದ ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಇಲ್ಲದಿದ್ದರೆ ಕೆಳಗೆ ನೀರು ನಿಂತು ವಾಸನೆ ಬರುತ್ತದೆ. ಮತ್ತೆ, ಕಾಲಿಗೆ ಇದು ಮರ ಅನ್ನಿಸುವುದಿಲ್ಲ. ಅನ್ನಿಸುತ್ತದೆ ಅನ್ನುವವರು ಮಾರುವವರು ಮಾತ್ರ.

ನಿಜವಾದ ಮರವೇ ಬೇಕು ಅಂದರೆ ಬೆಡ್‌ರೂಮಿಗೆ ಎಂಜಿನಿಯರ್ಡ್ ವುಡ್ ನನ್ನ ಆಯ್ಕೆ. ಮೇಲೆ ಅಸಲಿ ಮರ, ಕೆಳಗೆ ಅಡ್ಡ ಉದ್ದ ಅಂಟಿಸಿದ ಪ್ಲೈ, ಹಾಗಾಗಿ ಮಳೆಗಾಲದ ತೇವಕ್ಕೆ ಇಡಿಯಾಗಿ ಮರದ್ದೇ ಆದ ಹಲಗೆಯಷ್ಟು ಹಿಗ್ಗಿ ಕುಗ್ಗುವುದಿಲ್ಲ. ಮೇಲಿನ ಪದರ ಎಷ್ಟು ದಪ್ಪ ಅಂತ ಕೇಳಲೇಬೇಕು. 3-4 ಮಿ.ಮೀ. ಇದ್ದರೆ ಮುಂದೆ ಉಜ್ಜಿ ಪಾಲಿಶ್ ಮಾಡಿಸಬಹುದು, 1 ಮಿ.ಮೀ. ಇದ್ದರೆ ಆಗುವುದಿಲ್ಲ. ಸಾಗುವಾನಿ ಕೆಟ್ಟದ್ದಲ್ಲ, ತಿರುಳು ಭಾಗಕ್ಕೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಆದರೆ ಸರಿಯಾಗಿ ಒಣಗಿದ ಮಾಲು ಸಿಗಬೇಕು, ದುಡ್ಡೂ ಬೇಕು. ಟೈಲ್ಸ್ ಮೇಲೆ ಹಾಕಿದರೆ ನೆಲ ಎತ್ತರವಾಗಿ ಆ ಕೋಣೆಯ ಬಾಗಿಲನ್ನು ಕೆಳಗೆ ಕೊಯ್ಯಬೇಕಾಗಬಹುದು. ಅದನ್ನು ಕೊಟೇಶನ್‌ನಲ್ಲಿ ಯಾರೂ ಬರೆಯುವುದಿಲ್ಲ.

ಇನ್ನೊಂದು ಜಗಳ ಗೋಡೆಯ ಹತ್ತಿರ ಬಿಡುವ ಸಂದಿಯದು. ಹಲಗೆಗೆ ಹಲಗೆ ಕ್ಲಿಕ್ ಮಾಡಿ ಕೂರಿಸುವ ನೆಲಕ್ಕೆ ಹಿಗ್ಗಲು ಸುತ್ತಲೂ 8-10 ಮಿ.ಮೀ. ಜಾಗ ಬೇಕು, ಅದು ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್ ಅಡಿ ಮುಚ್ಚಿಹೋಗುತ್ತದೆ. ಬೇರೆಯವರು ಮಾಡಿದ ಒಂದು ಮನೆಯಲ್ಲಿ ಲ್ಯಾಮಿನೇಟನ್ನು ಚಂದ ಕಾಣಲಿ ಅಂತ ಗೋಡೆಗೆ ತಾಗಿಸಿ ಬಿಗಿಯಾಗಿ ಕೂರಿಸಿದ್ದರು. ಜುಲೈನಲ್ಲಿ ಸೋಫಾ ಮುಂದೆ ನೆಲ ಗುಡ್ಡದ ಹಾಗೆ ಎದ್ದಿತ್ತು, ಮೇಲೆ ಕಾಲಿಟ್ಟರೆ ಟಪ್ ಅಂತ ಸದ್ದು!

ಮಾಲು ಬಂದ ದಿನವೇ ಕೆಲಸ ಶುರು ಮಾಡಿ ಅಂತ ಒತ್ತಾಯ ಮಾಡಬೇಡಿ, ಡಬ್ಬಗಳು ಆ ಕೋಣೆಯ ಹವೆಗೆ ಹೊಂದಿಕೊಳ್ಳಲು 48 ಗಂಟೆ ಅಲ್ಲೇ ಮಲಗಿರಲಿ. ಅದೇ ಬ್ಯಾಚಿನ ಒಂದು ಡಬ್ಬ ಜಾಸ್ತಿ ತಗೊಂಡು ಅಟ್ಟದ ಮೇಲೆ ಇಟ್ಟುಬಿಡಿ. ಮುಂದೆ ಒಂದು ಹಲಗೆ ಹಾಳಾದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ ಅನ್ನುವ ನಂಬಿಕೆ ನನಗಂತೂ ಇಲ್ಲ.