ದೇವಿಮನೆ ಘಟ್ಟದ ದಾರಿಗೆ ಬೆಲ್ಟೋ, ಚೈನೋ?

ದೊಡ್ಡ ಬೈಕೊಂದನ್ನು ಕೊಳ್ಳಲೇಬೇಕೆಂದು ನಿಶ್ಚಯಿಸಿ ಹುಡುಕುತ್ತ ಹೋದಾಗ ಕೊನೆಗೆ ನನ್ನ ಮುಂದೆ ಎರಡು ಉಳಿದವು. ಎರಡರ ಎಂಜಿನ್ನೂ 100 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ (ತಿರುಗಿಸುವ ಬಲ) ಕೊಡುವಂಥದ್ದು, ಬೆಲೆಯಲ್ಲೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಒಂದರ ಹಿಂದಿನ ಚಕ್ರವನ್ನು ತಿರುಗಿಸುವುದು ಹಲ್ಲಿನ ಬೆಲ್ಟು, ಇನ್ನೊಂದರದ್ದನ್ನು ಚೈನು. ಕಾರವಾರದಲ್ಲಿ ಕೆಲಸ, ಶಿರಸಿಯ ಬಳಿ ಊರಮನೆ. ತಿಂಗಳಿಗೆ ಎರಡು ಸಲವಾದರೂ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವ ನನಗೆ ಇದು ಚಿಕ್ಕ ಪ್ರಶ್ನೆಯಾಗಿರಲಿಲ್ಲ.

ಮೊದಲು ಮನಸ್ಸು ವಾಲಿದ್ದು ಬೆಲ್ಟಿನ ಕಡೆಗೇ. ಸಮುದ್ರದ ಪಕ್ಕದಲ್ಲಿ ಬೈಕು ಇಟ್ಟುಕೊಂಡವರಿಗೆ ಕಾರಣ ಹೇಳಬೇಕಾಗಿಲ್ಲ. ನನ್ನ ಹಳೆಯ ಬೈಕನ್ನು ಮಳೆಗಾಲದಲ್ಲಿ ಎರಡು ದಿನ ಅಂಗಳದಲ್ಲಿ ಹಾಗೇ ಬಿಟ್ಟರೆ ಮೂರನೆಯ ದಿನ ಬೆಳಿಗ್ಗೆ ಚೈನಿನ ಪಟ್ಟಿಗಳ ಮೇಲೆ ಕೆಂಪು ಹಿಟ್ಟು ಉದುರಿಸಿದಂತೆ ತುಕ್ಕು ಕಾಣಿಸುತ್ತಿತ್ತು. ಬೆಲ್ಟಿಗೆ ಉಪ್ಪುಗಾಳಿಯ ಭಯವಿಲ್ಲ, ಎಣ್ಣೆ ಹಾಕಬೇಕಾಗಿಲ್ಲ, ಪ್ಯಾಂಟಿಗೆ ಜಿಡ್ಡು ಸಿಡಿಯುವುದಿಲ್ಲ, ಸದ್ದೂ ಕಡಿಮೆ. ಒಳ್ಳೆಯ ರಸ್ತೆಯಲ್ಲಿ ಓಡಿಸಿದರೆ ಅದು ಚೈನಿಗಿಂತ ಎರಡು ಮೂರು ಪಟ್ಟು ಹೆಚ್ಚು ದೂರ ಬಾಳುತ್ತದೆ.

ಬೆಲ್ಟು ಎಂದೊಡನೆ ಊರಿನಲ್ಲಿ ಎಲ್ಲರಿಗೂ ನೆನಪಾಗುವುದು ಅಕ್ಕಿ ಗಿರಣಿಯ ಚಪ್ಪಟೆ ಪಟ್ಟೆ. ಭಾರ ಹೆಚ್ಚಾದರೆ ಜಾರುವ, ಮಳೆಯ ತೇವಕ್ಕೆ ಸಡಿಲಾಗುವ ಪಟ್ಟೆ. ಬೈಕಿನದ್ದು ಆ ಜಾತಿಯದ್ದಲ್ಲ. ಅದರ ಒಳಮೈಯಲ್ಲಿ ಹಲ್ಲುಗಳಿರುತ್ತವೆ, ಮೈಯೊಳಗೆ ಅರಾಮಿಡ್ ಎಂಬ ಗಟ್ಟಿ ಕೃತಕ ನಾರಿನ ಅಥವಾ ಕಾರ್ಬನ್ ನಾರಿನ ಹುರಿಗಳಿರುತ್ತವೆ. ಹಾರ್ಲೆ ಡೇವಿಡ್‌ಸನ್ ಕಂಪನಿ 1980ರ ಸ್ಟರ್ಜಿಸ್ ಮಾದರಿಯಲ್ಲಿ ಅದನ್ನು ತಂದಿತು, ಆಮೇಲೆ ತನ್ನ ಭಾರದ ಕ್ರೂಸರ್‌ಗಳಿಗೆಲ್ಲ ಅದನ್ನೇ ಒಗ್ಗಿಸಿಕೊಂಡಿತು. ಆದ್ದರಿಂದ ಹೆಚ್ಚು ಶಕ್ತಿಯ ಎಂಜಿನ್ನಿಗೆ ಬೆಲ್ಟು ತಡೆಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈ ಮಾತನ್ನು ಲೆಕ್ಕ ಹಾಕಿಯೇ ನೋಡಿದ್ದೇನೆ. ಎಂಜಿನ್ನಿನ 100 ನ್ಯೂಟನ್ ಮೀಟರ್ ಟಾರ್ಕು ಮೊದಲ ಗೇರಿನಲ್ಲಿ ಸುಮಾರು ಐದು ಪಟ್ಟಾಗಿ ಮುಂದಿನ ಸ್ಪ್ರಾಕೆಟ್ಟಿಗೆ, ಅಂದರೆ ಚೈನನ್ನು ಎಳೆಯುವ ಹಲ್ಲುಚಕ್ರಕ್ಕೆ, ಬಂತು ಎಂದುಕೊಳ್ಳೋಣ, ಅಂದರೆ 500. ಪಿನ್ನಿಂದ ಪಿನ್ನಿಗೆ ಐದು ಸೂತಿನ (5/8 ಇಂಚಿನ) ಅಂತರವಿರುವ ಚೈನಿಗೆ ಹೊಂದುವ 17 ಹಲ್ಲಿನ ಸ್ಪ್ರಾಕೆಟ್ಟಿನ ತ್ರಿಜ್ಯ ಸುಮಾರು 43 ಮಿಲಿಮೀಟರ್, ಹಾಗಾಗಿ ಚೈನಿನ ಮೇಲೆ ಬೀಳುವ ಎಳೆತ ಸುಮಾರು 1,180 ಕಿಲೋ. ಅದೇ ಎಂಜಿನ್ನಿಗೆ 65 ಮಿಲಿಮೀಟರ್ ತ್ರಿಜ್ಯದ ಪುಲ್ಲಿ (ಬೆಲ್ಟಿನ ಹಲ್ಲುಚಕ್ರ) ಹಾಕಿದರೆ ಬೆಲ್ಟಿನ ಮೇಲಿನ ಎಳೆತ 780 ಕಿಲೋಗೆ ಇಳಿಯುತ್ತದೆ. ಬೆಲ್ಟಿನ ಹುರಿಗಳು ಚಿಕ್ಕ ಸುತ್ತಿನಲ್ಲಿ ಬಾಗಿದರೆ ಹಾಳಾಗುವುದರಿಂದ ಪುಲ್ಲಿ ಹೇಗೂ ದೊಡ್ಡದೇ ಇರಬೇಕು, ಆ ದೊಡ್ಡ ಪುಲ್ಲಿಯೇ ಬೆಲ್ಟಿನ ಭಾರವನ್ನೂ ಇಳಿಸುತ್ತದೆ. ಆದರೆ ಮುಂದಿನದು ದೊಡ್ಡದಾದರೆ ಅದೇ ಪ್ರಮಾಣದಲ್ಲಿ ಹಿಂದಿನದೂ ಬೆಳೆಯಬೇಕಲ್ಲ. ಹಿಂದಿನ ಪುಲ್ಲಿ ಚಕ್ರದ ಅರ್ಧದಷ್ಟು ಅಗಲಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಘಟ್ಟಕ್ಕೆಂದು ಗೇರಿಂಗ್ (ಮುಂದಿನ ಹಿಂದಿನ ಹಲ್ಲುಗಳ ಅನುಪಾತ) ಸ್ವಲ್ಪ ಬದಲಿಸೋಣವೆಂದರೆ ಜಾಗವೇ ಇರುವುದಿಲ್ಲ. ಚೈನಿನಲ್ಲಾದರೆ ಒಂದು ಹಲ್ಲು ಕಡಿಮೆಯಿರುವ ಸ್ಪ್ರಾಕೆಟ್ ತಂದು ಹಾಕಿದರೆ ಮುಗಿಯಿತು.

ಇದಕ್ಕಿಂತ ದೊಡ್ಡ ತೊಡಕು ಬಿಗಿತದ್ದು. ಹಿಂದಿನ ಚಕ್ರ ಗುಂಡಿಗೆ ಇಳಿದು ಮೇಲೆದ್ದಂತೆಲ್ಲ ಮುಂದಿನ ಸ್ಪ್ರಾಕೆಟ್ಟಿಗೂ ಹಿಂದಿನದಕ್ಕೂ ನಡುವಿನ ದೂರ ಬದಲಾಗುತ್ತಿರುತ್ತದೆ, ಏಕೆಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ತಿರುಗುವ ಕೀಲು ಸ್ಪ್ರಾಕೆಟ್ಟಿನ ನಟ್ಟನಡುವೆ ಇರುವುದಿಲ್ಲ. ಚೈನಿನಲ್ಲಿ ಬಿಡುವ ಎರಡು ಮೂರು ಸೆಂಟಿಮೀಟರ್ ಸಡಿಲು ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಬೆಲ್ಟು ಅಷ್ಟು ಸಡಿಲನ್ನು ಸಹಿಸುವುದಿಲ್ಲ. ಸಡಿಲಾದರೆ ಹಲ್ಲು ಹಾರುತ್ತದೆ, ಅತಿ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಬಿಎಂಡಬ್ಲ್ಯು ಕಂಪನಿ ಮಾಡಿದ್ದನ್ನು ನೋಡಿದಾಗ ನನಗೆ ಈ ವಿಷಯ ಸ್ಪಷ್ಟವಾಯಿತು. 2006ರಲ್ಲಿ ಬಂದ ಎಫ್ 800 ಎಸ್ ಎಂಬ ರಸ್ತೆಯ ಬೈಕಿಗೆ ಅವರು ಬೆಲ್ಟು ಕೊಟ್ಟರು, ಅದೇ 798 ಸಿಸಿ ಎಂಜಿನ್ ಬಳಗದಿಂದ 2008ರಲ್ಲಿ ಕಚ್ಚಾರಸ್ತೆಗೂ ಸಲ್ಲುವ ಎಫ್ 800 ಜಿಎಸ್ ಮಾಡಿದಾಗ ಚೈನು ಹಾಕಿದರು. ಬೆಲ್ಟನ್ನೇ ನೆಚ್ಚಿಕೊಂಡು ಬಂದ ಹಾರ್ಲೆ ಕೂಡ ಕಚ್ಚಾರಸ್ತೆಗೂ ಸಲ್ಲುವ 2021ರ ಪ್ಯಾನ್ ಅಮೆರಿಕಾ ಬೈಕಿಗೆ ಚೈನನ್ನೇ ಆರಿಸಿತು.

ಆಗ ನನ್ನ ದಾರಿ ಎಂಥದ್ದು ಎಂದು ಕೇಳಿಕೊಳ್ಳಬೇಕಾಯಿತು. ಕಾರವಾರದಿಂದ ಕುಮಟಾದವರೆಗೆ ಹೆದ್ದಾರಿ 66, ಅಲ್ಲಿಗೆ ಬೆಲ್ಟೇ ಸರಿ. ಘಟ್ಟದಲ್ಲಿ ಅಗಲೀಕರಣ ನಡೆದಾಗೆಲ್ಲ ಜಲ್ಲಿ ಚೆಲ್ಲಿರುತ್ತದೆ. ಕೊನೆಗೆ ಡಾಂಬರು ಮುಗಿದ ಮೇಲೆ ನಮ್ಮ ತೋಟದ ಮನೆಗೆ ಮೂರು ಕಿಲೋಮೀಟರ್ ಕೆಮ್ಮಣ್ಣಿನ ದಾರಿ. ಬೇಸಿಗೆಯಲ್ಲಿ ಚಿರೇಕಲ್ಲಿನ ಹರಳು, ಮಳೆಗಾಲದಲ್ಲಿ ಅದೇ ಹರಳು ಕೆಸರಿನೊಳಗೆ. ಚೈನಿಗೂ ಈ ಹರಳು ಶತ್ರುವೇ, ಆದರೆ ಅಲ್ಲಿ ಅದು ನಿಧಾನವಾಗಿ ತೇಯುತ್ತದೆ. ಬೆಲ್ಟಿಗೂ ಪುಲ್ಲಿಗೂ ನಡುವೆ ಗಟ್ಟಿ ಜಲ್ಲಿಯೊಂದು ಸಿಕ್ಕಿಕೊಂಡರೆ ಒಂದೇ ಸುತ್ತಿನಲ್ಲಿ ಮೈ ತೂತಾಗಿ ಒಳಗಿನ ಹುರಿ ಕತ್ತರಿಸಬಹುದು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ವರ್ಷದ ಹಿಂದೆ ಜೂನ್ ತಿಂಗಳ ಒಂದು ಸಂಜೆ, ನನ್ನ ಜೊತೆಗೆ ಬರುತ್ತಿದ್ದ ಗೆಳೆಯನ ಕ್ರೂಸರ್ ಘಟ್ಟದ ತಿರುವೊಂದರಲ್ಲಿ ಟಪ್ಪೆಂದು ಸದ್ದು ಮಾಡಿ ನಿಂತಿತು. ಎಂಜಿನ್ ಓಡುತ್ತಲೇ ಇತ್ತು, ಚಕ್ರ ಮಾತ್ರ ತಿರುಗಲಿಲ್ಲ. ಬೆಲ್ಟು ಅಡ್ಡಕ್ಕೆ ಹರಿದು ಬಿದ್ದಿತ್ತು. ಜಡಿಮಳೆಯಲ್ಲಿ ಒಂದೂವರೆ ತಾಸು ಕಾದು, ಅಡಿಕೆ ಚೀಲ ಹೊರುವ ಗೂಡ್ಸ್ ಗಾಡಿಯಲ್ಲಿ ಅದನ್ನು ಶಿರಸಿಗೆ ಸಾಗಿಸಿದೆವು. ಬೆಲ್ಟು ಕೊಂಡಿಗಳ ಸರಣಿಯಲ್ಲ, ಜೋಡಿಲ್ಲದ ಒಂದೇ ಬಳೆ. ಆ ಬೈಕಿನಲ್ಲಿ ಹೊಸದನ್ನು ತೊಡಿಸಲು ಸ್ವಿಂಗ್ ಆರ್ಮನ್ನೇ ಬಿಚ್ಚಬೇಕಿತ್ತು. ಬಿಚ್ಚಲು ಗ್ಯಾರೇಜಿನವರು ಸಿದ್ಧರಿದ್ದರು, ಆದರೆ ಬೆಲ್ಟು ದೊಡ್ಡ ಪಟ್ಟಣದಿಂದ ಬರಲು ಹದಿನೇಳು ದಿನ ಹಿಡಿಯಿತು. ಅದೇ ಗ್ಯಾರೇಜಿನ ಗೋಡೆಯ ಮೇಲೆ ಚೈನಿನ ಕೊಂಡಿಗಳ ಪೊಟ್ಟಣಗಳು ಸಾಲಾಗಿ ನೇತಾಡುತ್ತಿದ್ದವು.

ಹೀಗಾಗಿ ಚೈನಿನ ಬೈಕನ್ನೇ ತಂದೆ, ಅದರ ಚಾಕರಿಯನ್ನೂ ಮನಸಾರೆ ಒಪ್ಪಿಕೊಂಡೆ. ಇಂದಿನ ಎಕ್ಸ್ ರಿಂಗ್ ಚೈನುಗಳ ಪಿನ್ನಿಗೂ ಅದರ ಸುತ್ತಲಿನ ಬುಷ್ಷಿಗೂ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ, ನಾವು ಹೊರಗೆ ಹಾಕುವ ಎಣ್ಣೆ ತುಕ್ಕು ತಡೆಯಲು ಮತ್ತು ಉಂಗುರ ಒಣಗದಿರಲು ಮಾತ್ರ. ಪೆಟ್ರೋಲಿನಿಂದ ತೊಳೆದರೆ ಆ ಉಂಗುರಗಳೇ ಹಾಳಾಗುತ್ತವೆ. ಸೀಮೆಎಣ್ಣೆ, ಮೆತ್ತನೆಯ ಬ್ರಷ್ಷು ಸಾಕು. ವಾಟರ್ ಸರ್ವಿಸ್‌ನವರು ಪೈಪಿನ ಜೋರು ನೀರನ್ನು ನೇರವಾಗಿ ಚೈನಿಗೆ ಹಿಡಿಯಲು ಬಿಡಬೇಡಿ ಎಂದು ನನ್ನ ಪರಿಚಯದವರಿಗೆಲ್ಲ ಹೇಳುತ್ತೇನೆ. ಮಳೆಗಾಲದಲ್ಲಿ ಘಟ್ಟ ಇಳಿದು ಬಂದ ರಾತ್ರಿಯೇ, ಎಷ್ಟೇ ದಣಿದಿದ್ದರೂ, ಚೈನು ಬೆಚ್ಚಗಿರುವಾಗಲೇ ಒರೆಸಿ ಎಣ್ಣೆ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ. ಎರಡು ತಿಂಗಳಿಗೊಮ್ಮೆ 20 ಕೊಂಡಿಗಳ ಉದ್ದ ಅಳೆಯುತ್ತೇನೆ. ಹೊಸದರಲ್ಲಿ ಅದು 317.5 ಮಿಲಿಮೀಟರ್, ಸವೆದಂತೆ ಉದ್ದವಾಗುತ್ತ ಹೋಗುತ್ತದೆ, 323 ಮುಟ್ಟುವ ಮುನ್ನ ಸ್ಪ್ರಾಕೆಟ್ಟುಗಳ ಸಮೇತ ಬದಲಿಸುವುದೆಂದು ಇಟ್ಟುಕೊಂಡಿದ್ದೇನೆ.

ಕಾರವಾರದಲ್ಲೇ ಇರುವ, ಹೆದ್ದಾರಿ ಬಿಟ್ಟು ಇಳಿಯದ ಸಹೋದ್ಯೋಗಿಯೊಬ್ಬರು ಮೊನ್ನೆ ಇದೇ ಪ್ರಶ್ನೆ ಕೇಳಿದಾಗ ಬೆಲ್ಟಿನದ್ದನ್ನೇ ಕೊಳ್ಳಿ ಎಂದೆ. ನನ್ನ ಸೀಟಿನಡಿಯ ಚೀಲದಲ್ಲಿ ಎರಡು ರಿವೆಟ್ ಕೊಂಡಿ, ಚೈನು ಬಿಡಿಸಿ ಕೂಡಿಸುವ ಪುಟ್ಟ ಉಪಕರಣ ಮತ್ತು ಒಂದು ಹಳೆಯ ಬಟ್ಟೆ ಯಾವಾಗಲೂ ಇರುತ್ತವೆ.